ಗೊರೇಬಾಳದ ಹೊಲದಲ್ಲೊಂದು ಜಪಾನಿ ಕಾಡು

ಜಪಾನಿ ಭಾಷೆ ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕೈಯಲ್ಲಿ ಮೊಬೈಲ್ ಇದ್ದವನಿಗೆ ಯಾವ ಭಾಷೆ ಕಷ್ಟ?

ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನ ಮ್ಯಾನೇಜರ್. ಅಕ್ಕಿಯಲ್ಲಿನ ಕರಿ ಕಾಳು ಆರಿಸುವ ಯಂತ್ರ ಕೂಡಿಸಲು ಜಪಾನಿನಿಂದ ಕೆಂಜಿ ಎಂಬ ಎಂಜಿನಿಯರ್ ಬಂದಿದ್ದ. ಸಂಕೋಚದ ಆಸಾಮಿ. ಲಾಡ್ಜಿನಲ್ಲಿ ಒಬ್ಬನೇ ಇದ್ದು ಇದ್ದು ಸೊರಗಿದ್ದ; ಕಳಿಸಿದ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು. ಒಂದು ದಿನ ಫೋನಿನ ಅನುವಾದದಲ್ಲಿ ಹೇಳಿದ: "ಊರಲ್ಲಿ ನಮ್ಮ ಮನೆಯ ಹಿಂದೆ ಬರೀ ಮರಗಳು. ಇಲ್ಲಿ ಎತ್ತ ನೋಡಿದರೂ ಭತ್ತ." ಈ ಮನುಷ್ಯನನ್ನು ಒಮ್ಮೆಯಾದರೂ ನಗಿಸಿ, ಹೊಟ್ಟೆ ತುಂಬ ಉಣಿಸಿ ಕಳಿಸಬೇಕು ಎಂದು ಪಣ ತೊಟ್ಟೆ.

ಎಳ್ಳಮಾವಾಸ್ಯೆ ಹತ್ತಿರವಿತ್ತು. ಅವತ್ತು ನಾವು ಗೊರೇಬಾಳದ ನಮ್ಮ ಹೊಲಕ್ಕೆ ಬುತ್ತಿ ಒಯ್ದು, ಅದರಲ್ಲೊಂದಿಷ್ಟನ್ನು ಭೂತಾಯಿಗೆ ಚರಗವೆಂದು ಚೆಲ್ಲಿ, ಗಿಡದ ನೆರಳಲ್ಲಿ ಉಣ್ಣುತ್ತೇವೆ. ಕೆಂಜಿಯನ್ನೂ ಕರೆಯಬೇಕು, ಅದೂ ಅವನದೇ ಭಾಷೆಯಲ್ಲಿ! ಮರಗಳಿರುವ ಜಾಗಕ್ಕೆ ಫೋನು ಎರಡು ಪದ ಕೊಟ್ಟಿತು. 'ಹಾಯಾಶಿ' ಎಂದರೆ ತೋಪು. 'ಮೋರಿ' ಎಂದರೆ ದಟ್ಟ ಕಾಡು.

"ಮೋರಿ ಅಂದ್ರ ಗಟಾರಲ್ಲೇನ್ರೀ?" ಎಂದಳು ಹೆಂಡತಿ ಶರಣಮ್ಮ.

"ಅದು ನಮ್ಮ ಮೋರಿ. ಇದು ಜಪಾನಿಂದು."

"ಹೊಲದಾಗ ಇರೋದು ನಾಕು ಬೇವಿನ ಗಿಡ, ಒಂದು ಬನ್ನಿ. ಸಣ್ಣ ಪದಾನ ಹಾಕ್ರಿ."

"ಬೀಗರಂಥ ಅತಿಥಿಗೆ ಸಣ್ಣ ಪದ ಬಡಸಾಕ ಆಗ್ತದೇನು?"

'ನಮ್ಮ ಮೋರಿಯಲ್ಲಿ ಊಟಕ್ಕೆ ಬಾ' ಎಂದು ದೊಡ್ಡದನ್ನೇ ಹಾಕಿ ಕಳಿಸಿದೆ. ಶೋಭೆಗಿರಲಿ ಎಂದು ಮೋರಿಯ ಮುಂದೆ 'ಬಹಳ ಆಳವಾದ' ಎಂಬ ವಿಶೇಷಣವನ್ನೂ ಕೂಡಿಸಿದೆ.

ಹಬ್ಬದ ಬೆಳಿಗ್ಗೆ ಲಾಡ್ಜಿನ ಮುಂದೆ ಅವನು ಸಜ್ಜಾಗಿ ನಿಂತಿದ್ದ. ಮೊಣಕಾಲುದ್ದದ ಬೂಟು, ದಿಕ್ಸೂಚಿ, ಮುಖಕ್ಕೆ ಸೊಳ್ಳೆ ಪರದೆ, ಬೆನ್ನಿನ ಚೀಲಕ್ಕೊಂದು ಹಿತ್ತಾಳೆ ಗಂಟೆ!

"ಗಂಟಿ ಯಾಕಪಾ?"

ಫೋನು ಗಂಭೀರವಾಗಿ ಉತ್ತರಿಸಿತು: "ಕರಡಿಗಳು ದೂರ ಹೋಗಲಿ ಎಂದು."

ಬಂದಾಗಿನಿಂದ ಮೊದಲ ಬಾರಿಗೆ ಅವನ ಮುಖದಲ್ಲಿ ನಗುವಿತ್ತು. ನಿಜ ಹೇಳಿ ಅದನ್ನು ಅಳಿಸುವ ಬದಲು ಆಟೊ ಕರೆದೆ.

ಆಟೊ ಇಳಿದು ನಾನು, ಕೆಂಜಿ, ಬುತ್ತಿ ಹೊತ್ತ ಶರಣಮ್ಮ ಕಾಲುವೆಯ ದಂಡೆ ಹಿಡಿದೆವು. ಗಂಟೆಯ ಸದ್ದಿಗೆ ಕರಡಿ ಓಡಲಿಲ್ಲ, ಕುರಿಗಳು ಬಂದವು! ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಟಗರೇ ಹೊರಟಿತೆಂದು ತಿಳಿದು ಇಡೀ ಹಿಂಡು ಕೆಂಜಿಯ ಬೆನ್ನಿಗೆ ಬಿತ್ತು. ಕುರಿ ಕಾಯುವ ತಿಪ್ಪಣ್ಣ ಹಿಂದಿನಿಂದ ಕೂಗುತ್ತ ಓಡಿ ಬಂದ.

"ಸಾವ್ಕಾರ್ರ, ಆ ಗಂಟಿ ಬಿಚ್ಚಸ್ರೀ! ನನ್ನ ಕುರಿ ಜಪಾನಿಗೆ ಹೊಂಟಾವ!"

ಗಂಟೆ ಬಿಚ್ಚಿಸಿ, ಕುರಿಗಳನ್ನು ತಿರುಗಿಸಿ, ಬೇವಿನ ನೆರಳು ಸೇರುವಷ್ಟರಲ್ಲಿ ಸಾಕುಬೇಕಾಯಿತು. ಕೆಂಜಿ ಸುತ್ತಲೂ ನೋಡಿ ಕೇಳಿದ: "ಕಾಡು ಇನ್ನೆಷ್ಟು ದೂರ?"

"ನೀ... ಅದರೊಳಗ ನಿಂತೀಯಪಾ."

ಅವನು ತಲೆಯೆತ್ತಿ ಬೇವಿನ ಗಿಡ ನೋಡಿದ. ಮುಖ ಇಳಿಯಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಇವ್ರು ಮಾತಿನಾಗ ಕಾಡು ಬೆಳಸ್ಯಾರ," ಎನ್ನುತ್ತ ಶರಣಮ್ಮ ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು ಕುಂಕುಮ ಹಚ್ಚಿದಳು. ಆ ಐದು ಕಲ್ಲೇ ಪಾಂಡವರು; ಅವರಿಗೆ ಎಡೆ ಹಿಡಿದು, ಹೊಲದ ತುಂಬ ಚರಗ ಚೆಲ್ಲಿದಳು. ನೋಡುತ್ತಿದ್ದ ಕೆಂಜಿ ಮೆಲ್ಲಗೆ ಬೂಟು ಬಿಚ್ಚಿದ. ಕಲ್ಲುಗಳ ಮುಂದೆ ನಿಂತು, ಎರಡು ಸಲ ಚಪ್ಪಾಳೆ ತಟ್ಟಿ, ತಲೆ ಬಾಗಿಸಿದ. ಆಮೇಲೆ ಫೋನು ತೆಗೆದ.

"ನಮ್ಮೂರಲ್ಲೂ ಗದ್ದೆಗಳ ನಡುವೆ ದೇವರ ಗುಡಿ, ನಾಲ್ಕು ಮರ ಇವೆ. ಅಮ್ಮ ಅಲ್ಲಿ ಅನ್ನ ಇಡುತ್ತಾಳೆ. ದೇವರಿದ್ದರೆ ಎಷ್ಟು ಚಿಕ್ಕದಾದರೂ ಅದನ್ನು ಮೋರಿ ಎಂದೇ ಕರೆಯುತ್ತೇವೆ."

ಅವನ ಕಣ್ಣು ತುಂಬಿದ್ದವು. ನನ್ನವೂ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು, ಒಂದನ್ನೂ ಬಿಡದೆ ಉಂಡ. ಶರಣಮ್ಮ ಬಡಿಸಿದ್ದೇ ಬಡಿಸಿದ್ದು.

"ಕೇಳಿದೇನು? ನಾ ಆರಿಸಿದ ಪದಾನ ಸರಿ ಐತಿ!" ಎಂದು ಎದೆ ಸೆಟೆಸಿದೆ.

"ಸರಿ ಐತಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಇಲ್ಲ."

"ಹಂಗಾರ ಸುಮ್ನ ಎದ್ದು ಅವಂಗ ಮಜ್ಜಿಗಿ ಹಾಕ್ರಿ."

ಭಾಷಾಪಂಡಿತರು ಎದ್ದು ಮಜ್ಜಿಗೆ ಹಾಕಿದರು.