ಒಂಬತ್ತು ಅಳತೆ ರವಿಕೆಗಳು ಮತ್ತು ನನ್ನ ತರ್ಕಶಾಸ್ತ್ರ

ಮನುಷ್ಯರ ಮೈಗೆ ಬಟ್ಟೆ ಹೊಲಿಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲ ಒಂದಿತ್ತು. ಅದು ಸುಮಾರು ನಾಲ್ಕು ತಿಂಗಳು ನಡೆಯಿತು.

ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು. ಅಲ್ಲಿ ಕಲಿತ ಮುಖ್ಯ ವಿದ್ಯೆ ಅನುಮಾನ ಪಡುವುದು. ಹೊಳೆನರಸೀಪುರದಲ್ಲಿ ಎರಡು ವರ್ಷ ಮೇಷ್ಟ್ರಾಗಿದ್ದೆ. ಮೊದಲ ವರ್ಷ ಪಠ್ಯಪುಸ್ತಕದ ಮೇಲೆ ಅನುಮಾನಪಟ್ಟೆ, ಎರಡನೆಯ ವರ್ಷ ಹೆಡ್‌ಮಾಸ್ತರರ ಮೇಲೆ. ಮೂರನೆಯ ವರ್ಷ ರಾಜೀನಾಮೆ ಕೊಟ್ಟು ಮೈಸೂರಿಗೆ ಹೋಗಿ ಆರು ತಿಂಗಳು ಕಟಿಂಗ್ ಕಲಿತು ಬಂದು ಪೇಟೆ ಬೀದಿಯಲ್ಲಿ, ನಮ್ಮ ಮನೆಯ ಮುಂಭಾಗದಲ್ಲೇ, ಅಂಗಡಿ ತೆರೆದೆ. ನಯಾ ಪೈಸೆ ಬಂದ ವರ್ಷವೋ, ಅದರ ಮುಂದಿನ ವರ್ಷವೋ, ಖಚಿತವಿಲ್ಲ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅದಕ್ಕೇ ಇದನ್ನೆಲ್ಲ ಹೆಂಡತಿ ಸರೋಜಳಿಗೆ ಓದಿ ಹೇಳಿ, ಅವಳು ತಿದ್ದಿದ್ದನ್ನು ತಿದ್ದಿದ್ದೇನೆ. ಕೆಲವು ಕಡೆ ತಿದ್ದಿಲ್ಲ. ಅಲ್ಲಿ ಅವಳು ಬರೀ ನಕ್ಕಳು.

ಅಂಗಡಿಗೆ ಬೋರ್ಡು ಬರೆಸಿದೆ: 'ನೂತನ ಉಡುಪು ವಿನ್ಯಾಸ ಮಂದಿರ. ಇಲ್ಲಿ ಸ್ತ್ರೀಯರ ಉಡುಪುಗಳನ್ನು ಶಾಸ್ತ್ರೋಕ್ತವಾಗಿಯೂ ನವೀನ ಮಾದರಿಯಲ್ಲಿಯೂ ಕಲ್ಪಿಸಿ ಹೊಲಿದು ಕೊಡಲಾಗುವುದು.' ಮೊದಲ ವಾರ ಒಬ್ಬ ಮುದುಕಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈಮುಗಿದ. ಎರಡನೆಯ ವಾರ ಅವನೂ ಬರಲಿಲ್ಲ.

ಹೊಲಿಗೆ ಮಿಷನ್ನು ಸರೋಜಳ ತಾಯಿ ಕೊಟ್ಟದ್ದು. ಅದನ್ನು ಅಂಗಡಿಗೆ ಬಿಟ್ಟುಕೊಡುವಾಗ ಸರೋಜ ಒಂದು ಕರಾರು ಹಾಕಿದ್ದಳು: "ಯುಗಾದಿ ತನಕ ನೋಡೋಣ. ಅಷ್ಟರಲ್ಲಿ ಅಂಗಡಿ ನಿಲ್ಲದೆ ಹೋದರೆ ನೀವು ಮತ್ತೆ ಸ್ಕೂಲಿಗೆ ಹೋಗಿ ಹೆಡ್‌ಮಾಸ್ತರರ ಹತ್ತಿರ ತಪ್ಪಾಯಿತು ಅನ್ನಬೇಕು." ಒಪ್ಪಿದೆ. ಹಾಗೆ ಅನ್ನುವ ಪ್ರಸಂಗ ಬರುವುದಿಲ್ಲವೆಂಬ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇರಲಿಲ್ಲ.

ಬಾಗಿಲಲ್ಲಿ ಮಾದರಿಗೆಂದು ಬುಗ್ಗೆ ತೋಳಿನ ಒಂದು ರವಿಕೆ ತೂಗುಹಾಕಿದ್ದೆವು. ಭುಜದ ಹತ್ತಿರ ಪುಟ್ಟ ಪುಟ್ಟ ನಿರಿಗೆ, ಬೆನ್ನಿಗೆ ಬಟನ್ನು. ಆ ವಿನ್ಯಾಸ ನನ್ನದೆಂದು ನನ್ನ ನೆನಪು, ತನ್ನದೆಂದು ಸರೋಜಳ ನೆನಪು. ಕತ್ತರಿಸಿದವಳು, ಹೊಲಿದವಳು, ನಿರಿಗೆ ಹಿಡಿದವಳು ಅವಳೇ ಆದ್ದರಿಂದ ಸಾಕ್ಷ್ಯ ಸ್ವಲ್ಪ ಅವಳ ಕಡೆಗಿದೆ.

ಆ ರವಿಕೆಯೇ ದೊಡ್ಡತಾಯಮ್ಮನವರನ್ನು ನಮ್ಮ ಅಂಗಡಿಗೆ ಎಳೆದು ತಂದಿತು. ಅರಕಲಗೂಡು ದಾರಿಯ ಹಳ್ಳಿಯೊಂದರ ದೊಡ್ಡ ಗೌಡರ ಮನೆಯ ಯಜಮಾನಿ. ಗಂಟೊಂದನ್ನು ಮಿಷನ್ ಪಕ್ಕ ಇಳಿಸಿ ಕೂತರು.

"ಮೇಷ್ಟ್ರೇ, ಮಗಳ ಮದ್ವೆ. ಬಾಗ್ಲಲ್ಲಿ ತೂಗಾಕಿದೀರಲ್ಲ, ಅಂತದ್ದೇ ಕುಪ್ಸ ಬೇಕು ಅಂತ ಅಟ ಇಡ್ದವ್ಳೆ. ನಮ್ದು ಕೂಡಿದ್ ಮನೆ. ಒಬ್ಬಳ್ಗೆ ಒಲಿಸ್ದ್ರೆ ಒಂಬತ್ ಜನಕ್ಕೂ ಒಲಿಸ್ಬೇಕು. ಇಲ್ದಿದ್ರೆ ಯಾರೂ ಒಲೆ ಅತ್ಸಾಕಿಲ್ಲ."

ಗಂಟಿನಲ್ಲಿ ಹೊಸ ಬಟ್ಟೆಯ ಜೊತೆ ಒಂಬತ್ತು ಅಳತೆ ರವಿಕೆಗಳಿದ್ದವು. ನಮ್ಮ ಕಡೆ ಹೆಂಗಸರು ಗಂಡಸು ಟೈಲರಿನಿಂದ ಮೈಗೆ ಟೇಪ್ ಹಿಡಿಸಿಕೊಳ್ಳುವುದಿಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆ ಕಳಿಸುತ್ತಾರೆ. ಒಂಬತ್ತೂ ಒಂದೇ ಕಡು ಹಸಿರು. ಹಿಂದಿನ ಮದುವೆಯಲ್ಲಿ, ಯಾರಿಗೂ ಹೆಚ್ಚು ಕಡಿಮೆಯಾಗದಿರಲೆಂದು, ಒಂದೇ ಥಾನಿನಲ್ಲಿ ಹೊಲಿಸಿದ್ದಂತೆ.

"ಮೈಗೆ ನೆಟ್ಟಗೆ ಕೂರೋವು ಇವೇ ಕಣಪ್ಪ. ಜ್ವಾಪಾನ. ಯಾರ್ದು ಯಾವ್ದು ಅಂತ ಗೊತ್ತಾಗ್ಲಿ ಅಂತ ಕತ್ತಿನ ತಾವ ಬಣ್ಬಣ್ಣದ್ ನೂಲು ಆಕಿವ್ನಿ. ಕೆಂಪು ನಂದು, ಅಳದಿ ದೊಡ್ ಸೊಸೇದು, ಬಿಳೀದು ಮದ್ವೆ ಎಣ್ಣಿಂದು..."

ನಾನು ತಲೆಯಾಡಿಸುತ್ತಿದ್ದೆ. ಕೇಳಿಸಿಕೊಂಡೆನೇ ಎಂಬುದು ಬೇರೆ ಪ್ರಶ್ನೆ. ಆಗ ನನ್ನ ಮನಸ್ಸಿನಲ್ಲಿ ಒಂಬತ್ತು ಜೊತೆ ಬುಗ್ಗೆ ತೋಳುಗಳು ಹಾಸನ ಜಿಲ್ಲೆಯ ತುಂಬ ಓಡಾಡುತ್ತಿದ್ದವು.

ಅದೇ ದಿನ ಸರೋಜ ತಂಗಿಯ ಬಾಣಂತನಕ್ಕೆಂದು ಚನ್ನರಾಯಪಟ್ಟಣಕ್ಕೆ ಹೊರಟಿದ್ದಳು. ಬಸ್ಸಿನ ಕಿಟಕಿಯಿಂದ ಬಗ್ಗಿ, "ನಾನು ಬರೋತನಕ ಕತ್ತರಿ ಮುಟ್ಟಬೇಡಿ. ಆಣೆ ಮಾಡಿ," ಎಂದಳು. ಮಾಡಿದೆ.

ಮಾರನೆಯ ದಿನ ಅಳತೆ ರವಿಕೆಗಳನ್ನು ಮುಂದೆ ಹರಡಿಕೊಂಡು ಯೋಚಿಸುತ್ತಿದ್ದಾಗ ನನ್ನಲ್ಲಿ ಮೂಲಭೂತವಾದ ಒಂದು ಸಂಶಯ ಎದ್ದಿತು. ಎದುರಂಗಡಿಯ ಬಾಷಾ ಸಾಹೇಬರು ಆಗ ಬೀಡಿ ಹಚ್ಚಲು ಬೆಂಕಿ ಕೇಳಿಕೊಂಡು ಬಂದಿದ್ದರು. ಮೂವತ್ತು ವರ್ಷದಿಂದ ಅದೇ ಬೀದಿಯಲ್ಲಿ ಹೊಲಿಯುತ್ತಿದ್ದ ಟೈಲರು. ಅವರ ಮುಂದೆ ಸಂಶಯವನ್ನು ಮಂಡಿಸಿದೆ.

"ಸಾಹೇಬರೇ, ಈ ರವಿಕೆಯನ್ನು ಇನ್ನೊಂದು ರವಿಕೆ ನೋಡಿ ಹೊಲಿದಿದ್ದಾರೆ. ಆ ಇನ್ನೊಂದನ್ನು ಮತ್ತೊಂದು ನೋಡಿ ಹೊಲಿದಿದ್ದಾರೆ. ಹೀಗೇ ಹಿಂದಕ್ಕೆ ಹೋದರೆ, ಮೊದಲನೇ ಮೈಯನ್ನು ಕಂಡವರು ಯಾರು?"

"ಯಾರೂ ಕಾಣಬಾರದು ಅಂತಲೇ ಅಲ್ವಾ ಮೇಷ್ಟ್ರೇ, ಅಳತೆ ರವಿಕೆ ಕೊಡೋದು?"

ತರ್ಕ ಗೊತ್ತಿಲ್ಲದವರ ಜೊತೆ ವಾದ ಮಾಡುವುದು ಕಷ್ಟ. ಒಂದೊಂದನ್ನೂ ಬಿಚ್ಚಿ, ತುಂಡು ತುಂಡಾಗಿ ಕಾಗದದ ಮೇಲಿಟ್ಟು ಗೆರೆ ಎಳೆದರೆ ಸತ್ಯ ಹೊರಬರುತ್ತದೆ ಎಂದು ವಿವರಿಸಿದೆ. ಸಾಹೇಬರು ಬೀಡಿಯನ್ನು ಬಾಯಿಂದ ತೆಗೆದರು.

"ಬೇಡ ಮೇಷ್ಟ್ರೇ. ಅಳತೆ ರವಿಕೆ ಅಂದ್ರೆ ಅಮಾನತು. ನಂಬಿ ಇಟ್ಟು ಹೋಗಿರೋ ವಸ್ತು. ಟೇಪ್ ಇಡಿ, ಬರ್ಕೊಳ್ಳಿ, ಮಡಿಸಿ ವಾಪಸ್ ಕೊಡಿ. ಬಿಚ್ಚಬೇಡಿ."

ದೊಡ್ಡತಾಯಮ್ಮನವರ ಮನೆಯವರು ಅದುವರೆಗೆ ಸಾಹೇಬರ ಹತ್ತಿರವೇ ಹೊಲಿಸುತ್ತಿದ್ದರು. ಆ ಮನೆ ಕೈಬಿಟ್ಟು ಹೋದ ಹೊಟ್ಟೆಕಿಚ್ಚು ಎಂದುಕೊಂಡೆ. ಆ ಯೋಚನೆಗೆ ಇಂದಿಗೂ ನಾಚುತ್ತೇನೆ.

ಸರೋಜಳಿಗೆ ಕೊಟ್ಟ ಆಣೆಯನ್ನೂ ಪರಿಶೀಲಿಸಿದೆ. ಮುಟ್ಟಬಾರದ್ದು ಕತ್ತರಿ. ಹೊಲಿಗೆ ಬಿಚ್ಚಲು ಬೇಕಾದ್ದು ಬ್ಲೇಡು. ತರ್ಕದಲ್ಲಿ ದೋಷವಿರಲಿಲ್ಲ.

ಎರಡು ದಿನ ಬಿಚ್ಚಿದೆ. ಒಂದು ಬೆನ್ನು, ಎರಡು ಎದೆ, ಎರಡು ತೋಳು. ರವಿಕೆಗೆ ಐದರಂತೆ ನಲವತ್ತೈದು ತುಂಡುಗಳಾದವು. ಕತ್ತಿನ ಹತ್ತಿರ ಯಾರೋ ಶಿಸ್ತಿಲ್ಲದವರು ಬಿಟ್ಟಿದ್ದ ಬಣ್ಣದ ನೂಲುಗಳನ್ನೂ ಕಿತ್ತು, ಉಂಡೆ ಮಾಡಿ, ಬೀದಿಗೆ ಎಸೆದೆ. ಆದರೂ ನಾನು ಅಜಾಗರೂಕನೆಂದು ಯಾರೂ ಹೇಳುವಂತಿಲ್ಲ. ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಅಂಕಿ ಹಾಕಿದ್ದೆ. ಮೇಷ್ಟ್ರ ಅಕ್ಷರ, ಮುತ್ತಿನ ಹಾಗಿತ್ತು.

ಆಮೇಲೆ ನೋಡಿದರೆ ತುಂಡುಗಳು ಸುಕ್ಕಾಗಿದ್ದವು. ಸುಕ್ಕು ಬಟ್ಟೆಯಿಂದ ನಿಖರವಾದ ಗೆರೆ ಬರುವುದೇ? ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ, ಎಲ್ಲದಕ್ಕೂ ಚೆನ್ನಾಗಿ ನೀರು ಚಿಮುಕಿಸಿ, ಎರಡು ಕಡೆಯೂ ತಿಕ್ಕಿದೆ. ನಲವತ್ತೈದೂ ಹೊಸ ನೋಟಿನ ಹಾಗೆ ಗರಿಗರಿಯಾದವು. ನಲವತ್ತೈದರ ಮೇಲೂ ಒಂದಂಕಿ ಉಳಿದಿರಲಿಲ್ಲ.

ಮೇಷ್ಟ್ರ ಅಕ್ಷರ ಸೀಮೆಸುಣ್ಣದ್ದು ಎಂಬುದನ್ನು ಮೇಷ್ಟ್ರೇ ಮರೆತಿದ್ದರು.

ಹಾಗೆಂದು ನಾನು ಧೈರ್ಯಗೆಡಲಿಲ್ಲ. ದೊಡ್ಡ ಬೆನ್ನಿಗೆ ದೊಡ್ಡ ತೋಳು, ಸಣ್ಣ ಬೆನ್ನಿಗೆ ಸಣ್ಣ ತೋಳು ಎಂಬ ಸಿದ್ಧಾಂತ ಹೂಡಿ ಹಳೆಯ ಒಂಬತ್ತನ್ನೂ ಮತ್ತೆ ಜೋಡಿಸಿ ಹೊಲಿದೆ. ಹೊಸ ಬಟ್ಟೆಯನ್ನೂ ಅದೇ ಅಳತೆಯಲ್ಲಿ ಕತ್ತರಿಸಿ, ಬುಗ್ಗೆ ತೋಳಿಟ್ಟು ಹೊಲಿದೆ. ಅಷ್ಟು ಹೊತ್ತಿಗೆ ಕತ್ತರಿಯ ಆಣೆಯೂ ಮರೆತುಹೋಗಿತ್ತು. ತೆಳ್ಳಗಿದ್ದೂ ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುವ ಹೆಂಗಸಿನ ರಟ್ಟೆ ಹೇಗಿರುತ್ತದೆ ಎಂಬುದನ್ನು ಯಾವ ವಿಶ್ವವಿದ್ಯಾನಿಲಯವೂ ನನಗೆ ಕಲಿಸಿರಲಿಲ್ಲ.

ಸರೋಜ ಬಂದಳು. ಮೇಲಿದ್ದ ರವಿಕೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಯಾರದ್ರೀ?"

"ಅದನ್ನೇ ವಿಚಾರ ಮಾಡ್ತಾ ಇದ್ದೀನಿ."

"ಎರಡು ತೋಳೂ ಬಲಗೈಯವು."

"ಹೆಚ್ಚಿನ ಜನ ಕೆಲಸ ಮಾಡೋದು ಬಲಗೈಯಲ್ಲೇ ಅಲ್ಲವೇನೇ?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಮನೆಯಲ್ಲಿ ಅದಕ್ಕಿಂತ ಗಂಭೀರವಾದ ಮಾತು ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡತಾಯಮ್ಮ, ಹಿಂದೆ ಮದುವೆ ಹೆಣ್ಣು ಪುಟ್ಟಲಕ್ಷ್ಮಿ.

ಹುಡುಗಿ ನಗುನಗುತ್ತ ಬುಗ್ಗೆ ತೋಳಿನ ರವಿಕೆ ಹಿಡಿದು ಒಳಮನೆಗೆ ಹೋದಳು. ಹಿಂದೆಯೇ ತಾಯಿಯೂ ಹೋದರು. ಪರದೆಯ ಆಚೆಯಿಂದ ಮಾತು ಕೇಳಿಸಿತು.

"ಅವ್ವಾ, ಕೈ ಓಯ್ತಾ ಇಲ್ಲ."

"ಉಸ್ರು ಇಡ್ಕಳೆ."

"ಕೈಗೆ ಎಂಗವ್ವಾ ಉಸ್ರು ಇಡ್ಕಳಾದು?"

ಆಮೇಲೆ ಇನ್ನೊಂದು ರವಿಕೆ ಒಳಗೆ ಹೋಯಿತು, ಮತ್ತೊಂದು ಹೋಯಿತು. ಹಳೆಯವೂ ಹೋದವು. ಕೊನೆಗೆ ದೊಡ್ಡತಾಯಮ್ಮ ಹೊರಗೆ ಬಂದು ನೆಲದ ಮೇಲೆ ಕೂತರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಮೇಷ್ಟ್ರೇ, ಇನ್ನ್ ಐದ್ ದಿನಕ್ಕೆ ಮಗಳು ಅಸೆ ಮ್ಯಾಲೆ ಕೂರ್ಬೇಕು. ಅಳೇವೂ ಓದ್ವು, ಒಸವೂ ಇಂಗಾದ್ವು. ಗಂಡಿನ್ ಕಡೇರ್ ಮುಂದೆ ನಮ್ ಎಂಗುಸ್ರು ಏನ್ ಆಕ್ಕಂಡ್ ನಿಂತ್ಕಳಾದು?"

ಒಳಗೆ ಹುಡುಗಿ ಮೂಗು ಎಳೆದುಕೊಂಡ ಸದ್ದು. ನಾನು ಓದಿದ್ದು ಏನೂ ನೆನಪಾಗಲಿಲ್ಲ. ತಪ್ಪು ನನ್ನದೆಂಬುದೊಂದು ಮಾತ್ರ ಯಾವ ಸಂಶಯಕ್ಕೂ ಎಡೆಯಿಲ್ಲದೆ ಎದುರಿಗೆ ಕೂತಿತ್ತು.

"ತಪ್ಪಾಯಿತು ತಾಯಿ," ಎಂದೆ. ಹೆಡ್‌ಮಾಸ್ತರರಿಗೆ ಹೇಳಬೇಕಾದ್ದು ಇಲ್ಲಿ ಖರ್ಚಾಯಿತು.

ಸರೋಜ ಅವರ ಪಕ್ಕದಲ್ಲಿ ಕೂತಳು. "ಅಮ್ಮಾ, ನಾಳೆ ಒಂಬತ್ತು ಜನಾನೂ ಕರಕೊಂಡು ಬನ್ನಿ. ಅಳತೆ ರವಿಕೆ ಹೋದರೆ ಹೋಗಲಿ. ನೀವೇ ಇದ್ದೀರಲ್ಲ."

"ಗಂಡುಸ್ರು ಟೇಪ್ ಇಡಾದು ಬ್ಯಾಡ ಕಣವ್ವ."

"ಗಂಡಸರು ಬೀದಿಯಲ್ಲಿರ್ತಾರೆ. ಟೇಪು ನಾನು ಹಿಡೀತೀನಿ."

ಮಾರನೆಯ ಬೆಳಿಗ್ಗೆ ಅರಕಲಗೂಡು ಬಸ್ಸಿನಿಂದ ಒಂಬತ್ತು ಹೆಂಗಸರು ಇಳಿದು ಸಾಲಾಗಿ ಬಂದು ನಮ್ಮ ಮನೆ ಹೊಕ್ಕರು. ಬಾಗಿಲು ಮುಚ್ಚಿತು. ನಾನು ಬೀದಿಯಲ್ಲಿ ಉಳಿದೆ.

ಬಾಷಾ ಸಾಹೇಬರು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. "ನಾನು ಹೇಳಿರಲಿಲ್ವಾ" ಎನ್ನುತ್ತಾರೆಂದು ಕಾದೆ. ಅವರು ಹೇಳಿದ್ದು ಬೇರೆ: "ನಿಮ್ಮ ಮನೇಲಿ ಇರೋದು ಒಂದೇ ಮಿಷನ್. ಒಂಬತ್ತು ರವಿಕೆ, ನಾಲ್ಕು ದಿನ. ಎತ್ತಿ, ಆ ಕಡೆ ಹಿಡೀರಿ." ತಮಗೆ ಅನ್ನ ಕೊಡುವ ಮಿಷನ್ನಿನ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು, ಬೀದಿ ದಾಟಿಸಿ ನಮ್ಮ ಬಾಗಿಲಲ್ಲಿಟ್ಟೆವು. ಅದರ ಭಾರ ನನಗೆ ಇನ್ನೂ ನೆನಪಿದೆ. ನನ್ನ ನೆನಪಿನಲ್ಲಿ ನಾನು ನಂಬುವ ಕೆಲವೇ ಸಂಗತಿಗಳಲ್ಲಿ ಅದೊಂದು.

ಮೊದಲ ಅರ್ಧ ಗಂಟೆ ಒಳಗಿನಿಂದ ಸದ್ದಿಲ್ಲ. ಆಮೇಲೆ ಒಂದು ಕಿಸಕ್. ಆಮೇಲೆ ಒಂಬತ್ತು ಜನರ ನಗು ಒಟ್ಟಿಗೆ ಹೊರಬಿತ್ತು. ದಾರಿಹೋಕರು ನಿಂತರು.

"ಏನ್ ಸಾ, ಒಳಗೆ ನಾಟ್ಕವಾ?" ಎಂದನೊಬ್ಬ.

"ಹೌದು. ನಾನು ಬರೆದದ್ದು," ಎಂದೆ.

ಒಳಗೆ ನಡೆದದ್ದನ್ನು ಸರೋಜ ಆಮೇಲೆ ಹೇಳಿದಳು. ಹೊಸ ಒಂಬತ್ತನ್ನೂ ಚಾಪೆಯ ಮೇಲೆ ಸುರಿದು, ಎಲ್ಲರೂ ಎಲ್ಲವನ್ನೂ ತೊಟ್ಟು ನೋಡಿದರಂತೆ. ದೊಡ್ಡ ಸೊಸೆ ತನ್ನದೆಂದು ಎತ್ತಿಕೊಂಡದ್ದು ಚಿಕ್ಕತ್ತೆಗೆ ಕೂತಿತು. ಚಿಕ್ಕತ್ತೆಯದು ಯಾರಿಗೋ. ಹೀಗೆ ಬದಲಾಯಿಸಿಕೊಂಡು ಐದು ರವಿಕೆ ಮನುಷ್ಯರನ್ನು ಕಂಡುಕೊಂಡವು. ಉಳಿದ ನಾಲ್ಕಕ್ಕೆ ಸರೋಜ ಅಳತೆ ತೆಗೆದು, ಪಕ್ಕ ಬಿಚ್ಚಿ, ಕಂಕುಳಿಗೆ ಪಟ್ಟಿ ಕೊಟ್ಟು, ಪಟ್ಟಿ ಕಾಣದಂತೆ ಮೇಲೊಂದು ನಿರಿಗೆ ಹೂಡಿದಳು. ಪುಟ್ಟಲಕ್ಷ್ಮಿಯದಕ್ಕೆ ಅಂಚಿನಲ್ಲಿ ಸಣ್ಣ ಹೂವಿನ ಕಸೂತಿಯನ್ನೂ ಹಾಕಿದಳು. ಒಂದು ಮಿಷನ್ನು ಅವಳು, ಇನ್ನೊಂದು ಸಾಹೇಬರು. ಮದುವೆಗೆ ಎರಡು ದಿನ ಉಳಿದಿರುವಾಗ ಗಂಟು ಊರಿಗೆ ಹೋಯಿತು.

ಗಂಟು ಹೊರುವ ಮುಂಚೆ ದೊಡ್ಡತಾಯಮ್ಮ ನನ್ನ ಕಡೆ ತಿರುಗಿದರು.

"ಮೂರ್ ವರ್ಷದಿಂದ ಮಾತು ಬಿಟ್ಟಿದ್ ಇಬ್ರು ಸೊಸೇರು ಮೊನ್ನೆ ಕುಪ್ಸ ಬದ್ಲಾಯ್ಸ್ಕಂಡು ನಕ್ಕವ್ರೆ ಮೇಷ್ಟ್ರೇ. ನೀವು ನೆಟ್ಟಗೆ ಒಲ್ದಿದ್ರೆ ಇದಾಯ್ತಿರ್ಲಿಲ್ಲ ಬುಡಿ."

ನನ್ನ ವೃತ್ತಿಜೀವನದಲ್ಲಿ ನನಗೆ ದೊರೆತ ಪ್ರಶಂಸಾಪತ್ರ ಇದೊಂದೇ.

ಮದುವೆಗೆ ಕರೆದಿದ್ದರು, ಹೋದೆವು. ಹಸೆಯ ಮೇಲೆ ಪುಟ್ಟಲಕ್ಷ್ಮಿ ತೋಳಿನ ಬುಗ್ಗೆ ಬಾಡದಂತೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಕೂತಿದ್ದಳು. ಗಂಡಿನ ಕಡೆಯ ಇಬ್ಬರು ಹೆಂಗಸರು ಊಟದ ಪಂಕ್ತಿಯಲ್ಲೇ ಸರೋಜಳನ್ನು ಹಿಡಿದು ಅಂಗಡಿ ಎಲ್ಲಿ ಎಂದು ಕೇಳಿದರು. ಯುಗಾದಿ ಬಂತು, ಹೋಯಿತು. ಸ್ಕೂಲಿನ ಮಾತನ್ನು ಯಾರೂ ಎತ್ತಲಿಲ್ಲ. ಹೆಂಗಸೇ ಅಳತೆ ತೆಗೆಯುವ ಅಂಗಡಿ ಎಂಬ ಸುದ್ದಿ ನುಗ್ಗೇಹಳ್ಳಿಯವರೆಗೂ ಹಬ್ಬಿ, ಬಸ್ಸಿಳಿದು ಕೇಳಿಕೊಂಡು ಬರತೊಡಗಿದರು. ಸರೋಜ ಕಾಗದದ ಮೇಲೆ ಹೊಸ ಹೊಸ ತೋಳು ಬರೆಯುತ್ತಾಳೆ. ನನಗೆ ಬಟನ್ ಹಾಕುವ ಖಾತೆ ವಹಿಸಲಾಗಿದೆ. ಇಸ್ತ್ರಿ ನಿಷಿದ್ಧ.

ಹಳೆಯ ಹಸಿರು ರವಿಕೆಗಳಲ್ಲಿ ಎಂಟನ್ನು ಅವಳು ಪುನಃ ಬಿಚ್ಚಿ, ಸರಿಮಾಡಿ, ಮಡಿಸಿ ವಾಪಸು ಕೊಟ್ಟಳು. ಒಂಬತ್ತನೆಯದು ಮಾತ್ರ ಯಾರ ಮೈಗೂ ಒಪ್ಪಲಿಲ್ಲ. "ಇದ ನೀವೇ ಮಡಿಕ್ಕಳಿ," ಎಂದು ದೊಡ್ಡತಾಯಮ್ಮ ಬಿಟ್ಟುಹೋದರು. ಅದೀಗ ಮಿಷನ್ನಿನ ಮೇಲಿನ ಮೊಳೆಯಲ್ಲಿ ತೂಗುತ್ತದೆ. ಒಂದು ತೋಳು ಮೊಣಕೈವರೆಗೆ, ಇನ್ನೊಂದು ಅದಕ್ಕಿಂತ ಒಂದು ಗೇಣು ಮೇಲೆ. ಎದೆ ಅಗಲ, ಬೆನ್ನು ಇಕ್ಕಟ್ಟು.

ಹೊಸ ಗಿರಾಕಿಗಳು ಅದನ್ನು ಕಂಡು ತಪ್ಪದೆ ಕೇಳುತ್ತಾರೆ: "ಇದು ಯಾರ ಅಳತೆ ಕಣವ್ವ?"

ಸರೋಜ ಮಿಷನ್ ನಿಲ್ಲಿಸದೆ ಹೇಳುತ್ತಾಳೆ: "ನಮ್ಮನೆಯವರದು."