ಕೈಮುಗಿದು ಕೆಟ್ಟ ಯಂತ್ರ

"ವೈನಿ, ಇನ್ನ ಮ್ಯಾಲೆ ನಿಮ್ಮ ಮಣಿಕಟ್ಟು ಬೆಣ್ಣಿ! ಬೆಣ್ಣಿ ಅಂದ್ರ ಬೆಣ್ಣಿ!"

ಗದಗಿನ ಖಾನಾವಳಿಯ ಅಡುಗೆಮನೆಯಲ್ಲಿ ಗುರುಪಾದಪ್ಪ ತನ್ನ ಹೊಸ ಯಂತ್ರವನ್ನು ಎತ್ತಿ ಹಿಡಿದಿದ್ದ. ಅಂಗಿಯ ಎರಡು ತೋಳು, ಅವುಗಳ ತುಂಬ ಸೈಕಲ್ ಸ್ಪ್ರಿಂಗು, ಛತ್ರಿಕಡ್ಡಿ, ಒಂದು ಬ್ಯಾಟರಿ, ಒಂದು ಮೈಕು.

ಅತ್ತಿಗೆ ನೀಲಗಂಗವ್ವನಿಗೆ ನಗುವ ಮನಸ್ಸಿರಲಿಲ್ಲ. ಇಪ್ಪತ್ತೆರಡು ವರ್ಷ ಜೋಳದ ರೊಟ್ಟಿ ಬಡಿದ ಕೈಗಳು ಮೊಳಕೈಯವರೆಗೆ ಒಣಹಗ್ಗದಂತೆ ಬಿಗಿದಿದ್ದವು. ತಾಸಿಗೊಮ್ಮೆ ಮಣಿಕಟ್ಟು ಹಿಗ್ಗಿಸಬೇಕೆಂದು ಡಾಕ್ಟರು ಹೇಳಿದ್ದನ್ನು ಅವಳು ಅಂದೇ ಒಲೆಗೆ ಹಾಕಿದ್ದಳು. ಇವತ್ತು ಮಧ್ಯಾಹ್ನ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಬರುವವಳಿದ್ದಳು. ಕಣ್ಣೆದುರು ಬಡಿದ ರೊಟ್ಟಿ ಮೆಚ್ಚಿದರೆ ಸರಿ. ಇಲ್ಲವಾದರೆ ನಾಳೆಯಿಂದ ಹಾಸ್ಟೆಲಿಗೆ ಮಷಿನ್ ರೊಟ್ಟಿ.

ಅವಳು ತೋಳು ತೊಟ್ಟಳು.

"'ಕೈ' ಅಂದಕೂಡ್ಲೆ ಇದು ಎಚ್ಚರಾಗತೈತಿ. ಮುಂದಿನ ಮಾತು ಹೆಂಗೋ ಹಂಗ ಮಾಡತೈತಿ. ನೋಡ್ರಿ! ಕೈ ಚಾಚು!"

ಕೈಗಳು ಮುಂದೆ ಚಾಚಿದವು. ಸ್ಪ್ರಿಂಗು ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆಳೆಯಿತು. ನೀಲಗಂಗವ್ವ "ಆಹಾ" ಎನ್ನುವಷ್ಟರಲ್ಲಿ ಪಕ್ಕದ ಮನೆಯ ದಾಕ್ಷಾಯಣಕ್ಕ ಹಿಟ್ಟಿನ ಬೋಗುಣಿ ತಂದು ಅವಳ ಎಡಗೈಗೆ ಕೊಟ್ಟಳು.

"ಇಂವ ಹೋದ ವರ್ಷ ಮಾಡಿದ ಒಲಿಹಂಗ ಇದೂ ಕೈ ಕೊಡತೈತಿ ನೋಡವಾ!"

ಯಂತ್ರ ಕೈ ಕೊಟ್ಟಿತು! ದಾಕ್ಷಾಯಣಕ್ಕನ ಕೈ ಹಿಡಿದು ಬಾವಿಯ ಪಂಪಿನಂತೆ ಕುಲುಕತೊಡಗಿತು.

"ಅಯ್ಯೋ, ಕೈ ಬಿಡು!"

ಬಿಟ್ಟಿತು. ಬೋಗುಣಿಯನ್ನೂ ಬಿಟ್ಟಿತು. ಹಿಟ್ಟಿನ ಮೋಡದೊಳಗಿಂದ ನೀಲಗಂಗವ್ವ ಮೈದುನನ ಕಡೆ ನಡೆದಳು.

"ವೈನಿ, ಕೈ ಮಾಡಬ್ಯಾಡ್ರಿ!"

ಯಂತ್ರಕ್ಕೆ 'ಕೈ ಮಾಡು' ಗೊತ್ತಿತ್ತು, 'ಬ್ಯಾಡ' ಗೊತ್ತಿರಲಿಲ್ಲ. ಗುರುಪಾದಪ್ಪನ ಬೋಳುತಲೆಯ ಮೇಲೆ ಟಪ್, ಟಪ್, ಟಪಟಪ! ರೊಟ್ಟಿಯ ಲಯವೇ! ನಾಲ್ಕು ಏಟಿಗೊಮ್ಮೆ ಅವನ ತಲೆಯನ್ನು ಸ್ವಲ್ಪ ತಿರುಗಿಸಿ ಅಂಚನ್ನೂ ಬಡಿಯಿತು.

"'ಬ್ಯಾಡ' ಅನ್ನೂದು ಕಲಿಸಿಲ್ಲೇನೋ ಇದಕ್ಕ?"

"ನಿಮ್ಮ ಮುಂದ ನಾ ಯಾವತ್ತರ ಆ ಮಾತು ಆಡೀನೇನ್ರಿ?"

"ಯವ್ವಾ, ಕೈ ಮುಗಿತೀನಿ, ನಿಲ್ಲಸ್ರೀ!" ಎಂದು ದಾಕ್ಷಾಯಣಕ್ಕ ಕಿರುಚಿದಳು.

ಖಟಕ್! ನೀಲಗಂಗವ್ವನ ಕೈಗಳು ಎದೆಯ ಮುಂದೆ ಕೂಡಿಕೊಂಡವು. ಒಂದು ಛತ್ರಿಕಡ್ಡಿ ಮುರಿದು ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ವಾರ್ಡನ್ ಒಳಗೆ ಬಂದಳು.

ವಾರ್ಡನ್ ನಮಸ್ಕಾರ ಮಾಡಿದಳು. ಕೈ ಇಳಿಸಿದಳು. ಎದುರಿನ ಕೈ ಇಳಿಯಲಿಲ್ಲ. ಮತ್ತೊಮ್ಮೆ ಮಾಡಿದಳು.

"ಇಷ್ಟು ಕೈಮುಗಿದ್ರ ನಾ ಹೆಂಗ ಹೊಳ್ಳಿ ಹೋಗ್ಲಿ? ಕುಂದರತೀನಿ ತಗೋರಿ."

ವಾರ್ಡನ್ ಮಣೆ ಎಳೆದು ಕೂತಳು. ಯಂತ್ರ ಜೋಡಿಸಿದ ಅಂಗೈಗಳನ್ನು ಕೂದಲೆಳೆಯಷ್ಟೇ ಕೆಳಕ್ಕೆ ಒಯ್ಯುತ್ತಿತ್ತು. ಮಣಿಕಟ್ಟಿನೊಳಗೆ ವರ್ಷಗಳಿಂದ ಬಿಗಿದಿದ್ದ ಗಂಟುಗಳು ಒಂದೊಂದಾಗಿ ಬಿಚ್ಚುತ್ತಿರುವುದು ನೀಲಗಂಗವ್ವನಿಗೆ ತಿಳಿಯಿತು. ತಲೆತುಂಬ ಹಿಟ್ಟಿನ ಬೆರಳಚ್ಚು ಹೊತ್ತ ಮೈದುನ ನೆಲ ನೋಡುತ್ತ ಗೊಣಗಿದ:

"ಚಾದ ಲೋಟ ಎರಡೂ ಕೈಲೆ ಹಿಡದು ಕುಡಿಯಾಕತ್ತಿದ್ರಿ... ಅದಕ್ಕ ಮಾಡಿದ್ನಿ."

ಅದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಜೋಡಿಸಿದ ಕೈಗಳು ಅವನತ್ತ ಸ್ವಲ್ಪ ತಿರುಗಿದವು. ತಿರುಗಿಸಿದ್ದು ಯಂತ್ರವಲ್ಲ.

ಅರ್ಧ ತಾಸಿಗೆ ಬ್ಯಾಟರಿ ಸತ್ತಿತು. ನೀಲಗಂಗವ್ವ ತೋಳು ಕಳಚಿ ಕೂತು ಬಡಿದಳು. ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಅಗಲವಾಯಿತು. ವಾರ್ಡನ್ ಎರಡು ತಿಂದು, ಮೂರನೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ನಾಳಿಂದ ಕಳಸ್ರಿ" ಎಂದು ಎದ್ದಳು.

ಈಗ ನೀಲಗಂಗವ್ವ ತಾಸಿಗೊಮ್ಮೆ ತಾನಾಗಿಯೇ ಕೈಮುಗಿದು ಮಣಿಕಟ್ಟು ಇಳಿಸುತ್ತಾಳೆ. ಊಟಕ್ಕೆ ಬಂದವರು ತಮಗೇ ಎಂದು ತಿಳಿದು ತುತ್ತು ಬಿಟ್ಟು ಎದ್ದು ನಿಲ್ಲುತ್ತಾರೆ. ಹೊಸ ಬ್ಯಾಟರಿ ಹಾಕಿದ ಯಂತ್ರ ಗೋಡೆಯ ಮೊಳೆಗೆ ಜೋತಿದೆ. ಯಾರಾದರೂ "ಕೈ ತೊಳಿಯೂದು ಎಲ್ಲಿ?" ಎಂದರೆ ಸಾಕು, ಖಾಲಿ ತೋಳುಗಳೆರಡೂ ಎದ್ದು ನಮಸ್ಕಾರ ಮಾಡುತ್ತವೆ.

"ರಿಪೇರಿ ಮಾಡ್ಲೇನ್ರಿ ವೈನಿ?" ಎಂದು ಗುರುಪಾದಪ್ಪ ಕೇಳಿದ.

"ಬ್ಯಾಡ."

ಆ ಮಾತು ಯಂತ್ರಕ್ಕೆ ಇನ್ನೂ ತಿಳಿಯದು. ಗುರುಪಾದಪ್ಪನಿಗೆ ಮಾತ್ರ ತಿಳಿಯಿತು.