ಎರಡೆಕರೆ ಕಾಡು ಬೆಳೆಸಿದ್ದು

ಹೊಲ ಉಳುವುದನ್ನು ನಿಲ್ಲಿಸಿದರೆ ಕಾಡು ತಾನಾಗಿಯೇ ಬರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹೇಳಿಕೇಳಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು! ಕೂಡ್ಲಿಗಿ ಕಡೆಯ ನಮ್ಮೂರಿನ ಅಂಚಿಗಿದ್ದ ಎರಡೆಕರೆ ಶೇಂಗಾ ಹೊಲವನ್ನು ಮೊಲ, ಮುಂಗುಸಿ, ಗೌಜಲಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದೇನೆಂದು ತೊಂಬತ್ತರ ದಶಕದ ಒಂದು ಬೆಳಿಗ್ಗೆ, ಮಂಡಕ್ಕಿ ಒಗ್ಗರಣೆ ತಿನ್ನುತ್ತ, ಹೆಂಡತಿ ಗಿರಿಜೆಯೆದುರು ವಿಧ್ಯುಕ್ತವಾಗಿ ಪ್ರಕಟಿಸಿದೆ.

“ಮೊಲ ಏನಾರ ಅರ್ಜಿ ಕೊಟ್ಟಿದ್ವೇನ್ರಿ?” ಎಂದಳು.

ಮೂರು ವರ್ಷದಲ್ಲಿ ಬಾರಿಗಿಡಗಳ, ಅಂದರೆ ಎಲಚಿಯ, ಮುಳ್ಳುಪೊದೆ ಎದೆಮಟ್ಟ ಬೆಳೆಯಿತು. ಪೊದೆಗಳ ನಡುವೆ ಸವೆದ ಜಾಡುಗಳೂ ಕಂಡವು. ‘ಕಾಡುಹಂದಿ, ದೊಡ್ಡ ಹಿಂಡು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಣ್ಣಾರೆ ನೋಡೋಣವೆಂದು ಸ್ನೇಹಿತರಿಂದ ದುರ್ಬೀನು ಕಡ ತಂದು ನಸುಕಿನಲ್ಲೇ ಬದುವಿನ ಹಿಂದೆ ಕೂತೆ.

ಪೊದೆಯಾಚೆ ಏನೋ ಅಲ್ಲಾಡಿತು. ಕಂದುಬಣ್ಣ. ಕೂತ ಭಂಗಿ. ಉಸಿರು ಬಿಗಿಹಿಡಿದು ದುರ್ಬೀನು ತಿರುಗಿಸಿದೆ.

ಊರ ಹಿರಿಯರಾದ ಕೋಟ್ರಗೌಡರು! ಕಂದು ಶಾಲು ಹೊದ್ದಿದ್ದಾರೆ. ಪಕ್ಕದಲ್ಲಿ ಚೊಂಬು!

“ಏನ್ ನೋಡಾಕ ಹತ್ತೀರಿ ಮೇಷ್ಟ್ರೇ?” ಎಂದು ಕೂತಲ್ಲಿಂದಲೇ ಗುಡುಗಿದರು.

“ಮೊಲ, ಗೌಡ್ರೇ...”

ಮನೆಮನೆಗೆ ಶೌಚಾಲಯ ಬಂದಿರದ ಕಾಲ. ಊರೇ ನನ್ನ ಕಾಡಿಗೆ ಬರುತ್ತಿತ್ತೆಂದು ಆಗಷ್ಟೇ ತಿಳಿಯಿತು. ಸಂಜೆ ಕಟ್ಟೆಯ ಮೇಲೆ ಪಂಚಾಯ್ತಿ. ಗೌಡರೇ ತೀರ್ಪಿತ್ತರು: “ಮುಳ್ಳುಕಂಟಿ ಇರ್ಲಿ, ನಾಕ್ ಮಂದಿಗೆ ಅನುಕೂಲ ಐತಿ. ಆ ದುರ್ಬೀನ್ ಮಾತ್ರ ಬ್ಯಾಡ್ರಿ.”

ನನ್ನ ರಕ್ತ ಕುದಿಯಿತು. “ಹೊಲ ನಂದು! ಪ್ರಾಣಿಗಳಿಗೆ ಬಿಟ್ಟೀನಿ, ಚೊಂಬಿನೋರಿಗಲ್ಲ!” ಎಂದು ಕೂಗಿ ಎದ್ದುಬಂದೆ.

ಮಾರನೆಯ ದಿನ ‘ವನ್ಯಜೀವಿಗಳಿಗೆ ಮಾತ್ರ ಪ್ರವೇಶ’ ಎಂಬ ಬೋರ್ಡು ನೆಟ್ಟೆ. ದಿನವೂ ನಸುಕಿಗೇ ಬಡಿಗೆ ಹಿಡಿದು ನಿಂತೆ. ಊರವರು ಬೈದುಕೊಳ್ಳುತ್ತ ಹಳ್ಳದ ಕಡೆ ತಿರುಗಿದರು. ಮೂರು ದಿನ ಪೂರ್ಣ ವಿಜಯ!

ನಾಲ್ಕನೆಯ ದಿನ ಪೊದೆಯೊಳಗೆ ಸರಸರ ಸದ್ದು. ಕರ್ರಗೆ ಯಾರೋ ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ಕಂಬಳಿ ಹೊದ್ದು ನನ್ನನ್ನೇ ಯಾಮಾರಿಸುವುದೇ?

ಬಡಿಗೆಯಿಂದ ನೆಲ ಕುಟ್ಟಿ ಗದರಿಸಿದೆ: “ಯಾರ್ರೀ ಅದು? ಏಳ್ರಿ ಮ್ಯಾಲೆ!”

ಎದ್ದಿತು.

ಕರಡಿ! ಬಾರಿಹಣ್ಣು ತಿನ್ನಲು ಬಂದಿತ್ತು. ನನ್ನನ್ನು ನೋಡಿ ಅದು ಗುಡ್ಡದ ಕಡೆ ಓಡಿತು. ನಾನು ಊರ ಕಡೆ. ಅದಕ್ಕೆ ಜಾಡು ಸಿಕ್ಕಿತು. ನನಗೆ ಸಿಕ್ಕಿದ್ದು ಬರೀ ಮುಳ್ಳು! ಪಂಚೆ ಅಲ್ಲೇ ಉಳಿಯಿತು. ಹಳ್ಳದಿಂದ ಚೊಂಬು ಹಿಡಿದು ವಾಪಸು ಬರುತ್ತಿದ್ದ ಇಡೀ ಊರು ಸಾಲಾಗಿ ನಿಂತು ನನ್ನನ್ನು ನೋಡಿತು. ಅವರಿಗೆ ದುರ್ಬೀನು ಬೇಕಾಗಲಿಲ್ಲ.

ಬೋರಲು ಮಲಗಿಸಿ ಚಿಮಟದಿಂದ ಮುಳ್ಳು ಕೀಳುತ್ತ ಗಿರಿಜೆ ಕೇಳಿದಳು: “ಈಗಾರ ಹೊಲಕ್ಕ ನೇಗಿಲು ಹೂಡಸ್ತೀರೋ ಇಲ್ಲೋ?”

“ಹೂಡ್ಸಂಗಿಲ್ಲ! ಕರಡೀನ ಬಂದೈತಿ! ನಾನು ಗೆದ್ದೀನಿ ಗಿರಿಜಾ!” ಎಂದು ದಿಂಬಿನೊಳಗಿಂದಲೇ ಘೋಷಿಸಿದೆ.

ಮಾತಿಗೆ ತಪ್ಪಿಲ್ಲ. ಇವತ್ತಿಗೂ ಆ ಹೊಲಕ್ಕೆ ನೇಗಿಲು ಇಳಿದಿಲ್ಲ. ಕರಡಿಯ ಭಯದಿಂದ ಮನುಷ್ಯಮಾತ್ರದವರು ಆ ಕಡೆ ಸುಳಿಯುವುದಿಲ್ಲ.

ನಾನಂತೂ ಸುತರಾಂ ಸುಳಿಯುವುದಿಲ್ಲ!